ಕೌದಿ ಹೊಲೀಬೇಕಾ? ಮೊದಲು ಅಂಗಿ ಹಳೇದಾಗಲಿ

ಅಜ್ಜಿ, ಅಜ್ಜಿಯ ಸೀರೆ, ಆ ಸೀರೆಯಿಂದ ಹೊಲಿದ ಕೌದಿ, ಕೌದಿಯೊಳಗಿನ ಬೆಚ್ಚನೆಯ ಬಾಲ್ಯ. ಈ ನಾಲ್ಕನ್ನೂ ಒಂದೇ ಪ್ಯಾರಾದಲ್ಲಿ ತುರುಕಿ ನಮ್ಮ ಕಣ್ಣು ಒದ್ದೆ ಮಾಡಿಸುವ ಬರಹಗಳನ್ನ ಈ ವರ್ಷ ನಾನೇ ಏಳೆಂಟು ಓದಿದೆ. ಇನ್ನೊಂದು ಬೇಡ. ಕೈ ಮುಗೀತೀನಿ.

ಬರೆಯೋರ ಮೇಲೆ ಸಿಟ್ಟಿಲ್ಲ. ಆದ್ರೆ ಆ ಬರಹಗಳಲ್ಲಿ ಕೌದಿಗೆ ಯಾವಾಗ್ಲೂ ಒಂದು 'ಕಂಪು' ಇರುತ್ತೆ ನೋಡಿ, ನನಗೆ ಅನುಮಾನ ಶುರುವಾಗೋದೇ ಅಲ್ಲಿ. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಮನೇಲಿ ಏಳು ಕೌದಿ ಇದ್ವು. ಅವಕ್ಕೆ ಇದ್ದಿದ್ದು ವಾಸನೆ. ಕೂಸಿನ ಉಚ್ಚೆ, ತಲೆಗೆ ಹಚ್ಚಿದ ಎಣ್ಣೆ, ಮಳೆಗಾಲದ ಮುಗ್ಗಲು. ಹೊಲಿಗೆ ಸಂದಿಯಲ್ಲಿ ತಗಣಿ. ಮಾರ್ನಮಿ ಬಂತು ಅಂದ್ರೆ ಮನೇಲಿದ್ದ ಎಲ್ಲ ಹಾಸಿಗೆ ಹೊದಿಕೆ ಚಕ್ಕಡಿಗೆ ಹೇರಿಕೊಂಡು ಹಳ್ಳಕ್ಕೆ ಹೋಗೋರು. ಒಣಗಿದ್ದಾಗ ಮೂರು ಕೆಜಿ ತೂಗುವ ಕೌದಿ ನೀರು ಕುಡಿದರೆ ಒಬ್ಬರ ಕೈಲಿ ಎತ್ತೋಕಾಗಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಹಿಂಡಬೇಕು. ಹಿಂಡೋರು ಯಾರು? ಅವ್ವ, ಅತ್ತಿ, ದೊಡ್ಡವ್ವ. ಚಕ್ಕಡಿ ಹೊಡೆದುಕೊಂಡು ಬಂದ ಕಾಕಾ ಗಿಡದ ನೆರಳಿಗೆ ಮಲಗಿರೋನು. ಕಂಪಿನ ಬಗ್ಗೆ ಬರೆಯೋರೆಲ್ಲ ಬಹುಶಃ ಆ ಗಿಡದ ನೆರಳಿನ ಕಡೆಯವರು.

ಗೊತ್ತಿಲ್ಲದವರಿಗೆ ಒಂದು ಮಾತು. ಕೌದಿ ಅಂದ್ರೆ ಹಳೇ ಸೀರೆ, ಧೋತರ, ಅಂಗಿ, ಲಂಗಗಳನ್ನ ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನ ಜೋಡಿಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಕೈಯಲ್ಲೇ ಹೊಲಿದ ಹೊದಿಕೆ. ಮಹಾರಾಷ್ಟ್ರದಲ್ಲಿ ಇದು ಗೋದಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಹಳೇ ಕಾಂಥಾಗಳಿಗೆ ದಾರವನ್ನೂ ಕೊಳ್ತಿರಲಿಲ್ಲ, ಹಳೇ ಸೀರೆಯ ಅಂಚಿನಿಂದಲೇ ಎಳೆ ಬಿಚ್ಚಿ ಬಳಸ್ತಿದ್ರು. ಎಲ್ಲ ಕಡೆ ಒಂದೇ ಲೆಕ್ಕ: ಕಂಬಳಿ ಕೊಳ್ಳೋಕೆ ರೊಕ್ಕ ಇಲ್ಲ, ಚಳಿ ಇದೆ, ಚಿಂದಿ ಇದೆ.

ಈಗ ಆ ಲೆಕ್ಕ ಬೆಂಗಳೂರಿಗೆ ಬಂದು ತಲೆಕೆಳಗಾಗಿದೆ. ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ 'ನಿಮ್ಮ ಮೊದಲ ಕೌದಿ' ಕಾರ್ಯಾಗಾರ. ಫೀಸು ಕಟ್ಟಿದರೆ ಫಿಲ್ಟರ್ ಕಾಫಿ, ಕುಕೀಸ್, ಜೊತೆಗೊಂದು ಕಿಟ್. ಕಿಟ್‌ನಲ್ಲಿ ಏನಿರುತ್ತೆ ಗೊತ್ತಾ? ಮಷಿನ್‌ನಲ್ಲಿ ಚೌಕಾಕಾರ ಕತ್ತರಿಸಿದ ಹೊಸಾ ಬಟ್ಟೆ! ಹಳೇದರ ಹಾಗೆ ಕಾಣಲಿ ಅಂತ ಬಣ್ಣ ಮಾಸಿಸಿರ್ತಾರೆ. ಹೊಸ ಬಟ್ಟೆ ಕೊಂಡು, ಅದನ್ನ ಚಿಂದಿ ಮಾಡಿ, ಚಿಂದಿಯನ್ನ ಮತ್ತೆ ಜೋಡಿಸಿ, ಫೋಟೋ ತೆಗೆದು 'ಮರುಬಳಕೆ' ಅಂತ ಹಾಕೋದು. ಚೆನ್ನಾಗಿ ಓಡ್ತಿದ್ದ ಕೋಡನ್ನ ಅಳಿಸಿ ಅದನ್ನೇ ಮತ್ತೆ ಬರೆದು ಪ್ರಮೋಷನ್ ತಗೊಳ್ಳೋರನ್ನ ನೋಡಿದ್ದೀನಿ. ಇದು ಅದೇ ಜಾತಿ.

ಸರಿ, ಕಿಟ್ ಬೇಡ, ನಮ್ಮ ಕಪಾಟಿನ ಬಟ್ಟೆಯಲ್ಲೇ ಹೊಲೀತೀವಿ ಅಂತೀರಾ? ಕಪಾಟು ತೆಗೆಯಿರಿ. ನನ್ನದನ್ನೇ ಹೇಳ್ತೀನಿ: ಕಂಪನಿಗಳು ಕೊಟ್ಟ ಟೀ ಶರ್ಟು ಹದಿನಾಲ್ಕು. ಅದರಲ್ಲಿ ಒಂಬತ್ತು ಪೂರ್ತಿ ಪಾಲಿಯೆಸ್ಟರ್. ಹಿಗ್ಗುವ ಜೀನ್ಸು ನಾಲ್ಕು. 'ನೋ ಐರನ್' ಫಾರ್ಮಲ್ ಶರ್ಟು ಆರು. ಇವುಗಳಲ್ಲಿ ಕೌದಿಗೆ ಬರೋದು ಎಷ್ಟು? ಹೆಚ್ಚೆಂದ್ರೆ ಎರಡು. ಹತ್ತಿ ಗಾಳಿಯಲ್ಲಿನ ತೇವವನ್ನ ತನ್ನ ತೂಕದ ಶೇಕಡಾ 8ರ ಹತ್ತಿರದಷ್ಟು ಹೀರಿಟ್ಟುಕೊಳ್ಳುತ್ತೆ. ಪಾಲಿಯೆಸ್ಟರ್ ಹೀರೋದು ಅರ್ಧ ಶೇಕಡಾಕ್ಕೂ ಕಡಿಮೆ. ಐದು ಪದರ ಪಾಲಿಯೆಸ್ಟರ್ ಹೊದ್ದು ಮಲಗೋದು ಅಂದ್ರೆ ಪ್ಲಾಸ್ಟಿಕ್ ಕವರಿನೊಳಗೆ ಮಲಗಿದ ಹಾಗೆ. ಬೆವರು ಹೊರಗೆ ಹೋಗಲ್ಲ. ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಸೂಜಿ ಎಳೆದ ಕಡೆಗೆಲ್ಲ ಹಿಗ್ಗುತ್ತೆ, ಕೆಳಗಿನ ಪದರ ಹಿಗ್ಗಲ್ಲ, ಸಾಲು ಮುಗಿಯೋದರೊಳಗೆ ಕೌದಿ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಬಟ್ಟೆ ಹಳೇದೇ ಆಗಲ್ಲ. ಬೇಜಾರಾಗುತ್ತೆ ಅಷ್ಟೇ. ಅಪ್ಪನ ಧೋತರ ಕೌದಿಯೊಳಗೆ ಸೇರುವ ಹೊತ್ತಿಗೆ ನೂರಾರು ಸಲ ಕಲ್ಲಿಗೆ ಬಡಿಸಿಕೊಂಡಿರ್ತಿತ್ತು. ಮೊದಲು ಮದುವೆ ಮುಂಜಿಗೆ, ಆಮೇಲೆ ಸಂತೆಗೆ, ಆಮೇಲೆ ಹೊಲಕ್ಕೆ, ಆಮೇಲೆ ತುಂಡಾಗಿ ತಲೆಗೆ. ಅಷ್ಟಾದ ಮೇಲೆ ಕೌದಿಗೆ. ಕೌದಿ ಮೆತ್ತಗಿರೋದು ಅದಕ್ಕೆ. ಕೌದಿಯ ಅರ್ಧ ಕೆಲಸ ಸೂಜಿ ಹಿಡಿಯೋಕೆ ಮೊದಲೇ, ಹತ್ತು ವರ್ಷ ಮೈಮೇಲೆ ಆಗಿರುತ್ತೆ. ನಾವು ಆರು ಸಲ ಹಾಕಿದ ಕುರ್ತಾವನ್ನ 'ಹಳೇದು' ಅಂತ ಕತ್ತರಿಗೆ ಕೊಡ್ತೀವಿ. ಅದರಲ್ಲಿ ಇನ್ನೂ ಗಂಜಿ ಇದೆ ಸ್ವಾಮಿ! ಮೊದಲ ಒಗೆತಕ್ಕೆ ಅದು ಕುಗ್ಗುತ್ತೆ, ಪಕ್ಕದಲ್ಲಿರುವ ನಿಜವಾದ ಹಳೇ ತುಂಡನ್ನ ಎಳೆದು ಹರಿಯುತ್ತೆ. ಆ ಕುರ್ತಾಗೆ ನೀವು ಮಾಡಬಹುದಾದ ಅತೀ ದೊಡ್ಡ ಮರುಬಳಕೆ ಅಂದ್ರೆ ಅದನ್ನ ಇನ್ನೂ ನಾಲ್ಕು ವರ್ಷ ಹಾಕ್ಕೊಳ್ಳೋದು.

ದಾನ ಮಾಡ್ತೀವಿ ಅನ್ನೋರಿಗೆ ಬೇಗ ಹೇಳಿ ಮುಗಿಸ್ತೀನಿ. 2004ರ ಸುನಾಮಿ ಆದಾಗ ದಾನವಾಗಿ ಬಂದ ಹಳೇ ಬಟ್ಟೆಗಳು ತಮಿಳುನಾಡಿನ ಕರಾವಳಿ ರಸ್ತೆಗಳ ಬದಿಯಲ್ಲಿ ಗುಡ್ಡೆ ಗುಡ್ಡೆ ಬಿದ್ದಿದ್ದವು. ಮನೆ ಕಳಕೊಂಡವರೂ ಅದನ್ನ ಮುಟ್ಟಲಿಲ್ಲ. ಹರಿಯಾಣದ ಪಾಣಿಪತ್‌ನಲ್ಲಿ ಹೊರದೇಶಗಳಿಂದ ಬಂದ ಹಳೇ ಬಟ್ಟೆಯನ್ನ ಬಣ್ಣದ ಪ್ರಕಾರ ಬೇರೆ ಮಾಡಿ, ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯ್ತಾರೆ. ಅದೊಂದು ಇಡೀ ಊರಿನ ಉದ್ಯಮ. ಅಂಥ ಕಂಬಳಿಗಳೇ ಮತ್ತೆ ನೆರೆ, ಭೂಕಂಪದ ಪರಿಹಾರಕ್ಕೆ ಹೋಗ್ತವೆ. ಬಟ್ಟೆ ಎಲ್ಲಿಗೋ ಹೋಗಿ 'ಮಾಯ' ಆಗಲ್ಲ. ಯಾರೋ ಒಬ್ಬರು ಕೂತು ಅದರ ಗುಂಡಿ ಬಿಚ್ಚಬೇಕು.

ಈಗ ನಿಜವಾದ ಜಗಳಕ್ಕೆ ಬರ್ತೀನಿ.

ಅವ್ವ ವರ್ಷಕ್ಕೆ ಎರಡು ತಿಂಗಳು ನಮ್ಮ ಜೊತೆ ಬೆಂಗಳೂರಲ್ಲಿ ಇರ್ತಾಳೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಮೊಮ್ಮಗಳಿಗೆ ಕೌದಿ ಹೊಲೀತಿದ್ದಳು. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ನೋಡಿ ಬಹಳ ಮೆಚ್ಚಿಕೊಂಡ್ರು. ಒಳ್ಳೇ ಮನುಷ್ಯರೇ, ತಪ್ಪು ತಿಳೀಬೇಡಿ. "ಅಮ್ಮಾ, ನಮಗೂ ಒಂದು ಹೊಲಿದುಕೊಡಿ. ಡಬಲ್ ಬೆಡ್ ಏನು ಬೇಡ, ಒಬ್ಬರಿಗೆ ಸಾಕು. ಬಟ್ಟೆ ನಾವೇ ಕೊಡ್ತೀವಿ, ಹಳೇ ಬಟ್ಟೆ ತಾನೇ. ಒಂದು ಆರುನೂರು ತಗೊಳ್ಳಿ" ಅಂದ್ರು.

ಅವ್ವ, "ಆತು ಬಿಡವಾ, ನೋಡೂಣು" ಅಂತ ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದ್ದು ಬೇರೆ: "ಅರಿವಿ ಆಕೀದು ಖರೆ. ಕೈ ಯಾರದು ಅಂತ ಕೇಳಬೇಕಿತ್ತಲ್ಲೋ ತಮ್ಮಾ."

ನಾನು ಲೆಕ್ಕಕ್ಕೆ ಕೂತೆ. ನೀವೂ ಕೂಡಿ. ಒಬ್ಬರ ಕೌದಿ ಅಂದ್ರೆ ಆರಡಿ ಉದ್ದ, ನಾಲ್ಕಡಿ ಅಗಲ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರ. ಅಂದ್ರೆ 96 ಸಾಲು, ಒಂದೊಂದು ಸಾಲು 72 ಇಂಚು. ಒಟ್ಟು 576 ಅಡಿ ಹೊಲಿಗೆ, ಸುಮಾರು 175 ಮೀಟರ್. ಇಂಚಿಗೆ ನಾಲ್ಕು ಹೊಲಿಗೆ ಹಿಡಿದರೆ 27,000ಕ್ಕೂ ಮೇಲೆ. ಅವ್ವ ಒಂದು ಸಾಲಿಗೆ ತಗೊಳ್ಳೋದು 20 ನಿಮಿಷ, ನಾನೇ ಗಡಿಯಾರ ಹಿಡಿದು ನೋಡಿದ್ದು. ಸಾಲುಗಳಿಗೇ 32 ಗಂಟೆ. ಬಟ್ಟೆ ಬಿಚ್ಚೋದು, ಹರಿಯೋದು, ಹಾಸಿ ಹೊಂದಿಸೋದು, ಮೂಲೆ ಕಟ್ಟೋದು ಸೇರಿದರೆ 40. ನಮ್ಮ ಟೈಮ್‌ಶೀಟ್‌ನಲ್ಲಿ 40 ಗಂಟೆ ಅಂದ್ರೆ ಸರಿಯಾಗಿ ಒಂದು ವಾರ.

ಆರುನೂರನ್ನ ನಲವತ್ತರಿಂದ ಭಾಗಿಸಿ. ಗಂಟೆಗೆ ಹದಿನೈದು ರೂಪಾಯಿ. ಮಾಲ್‌ನಲ್ಲಿ ಕಾರು ಸುಮ್ಮನೆ ನಿಂತಿದ್ದಕ್ಕೆ ನಾವು ಗಂಟೆಗೆ ಇದಕ್ಕಿಂತ ಜಾಸ್ತಿ ಕೊಟ್ಟು ಬರ್ತೀವಿ.

'ಹಳೇ ಬಟ್ಟೆ ತಾನೇ' ಅನ್ನೋ ಮೂರು ಪದದಲ್ಲಿ ಇರೋ ಮೋಸ ಇದೇ. ಬೆಲೆಯನ್ನ ಬಟ್ಟೆಗೆ ಕಟ್ಟಿದ್ರಿ, ಬಟ್ಟೆಗೆ ಬೆಲೆ ಇಲ್ಲ, ಹಾಗಾಗಿ ಕೌದಿಗೂ ಬೆಲೆ ಇಲ್ಲ. ನಮ್ಮ ಸಾಫ್ಟ್‌ವೇರಿಗೆ ಯಾವ ಕಚ್ಚಾ ವಸ್ತು ಇದೆ ಹೇಳಿ? ಒಂದು ತುಂಡು ಕಬ್ಬಿಣವೂ ಇಲ್ಲ, ಒಂದು ಹಿಡಿ ಹತ್ತಿಯೂ ಇಲ್ಲ. ಬರೀ ಕೂತ ಗಂಟೆಗಳನ್ನ ಮಾರಿ ಮನೆ ಕಟ್ಟಿಸಿದ ಜನ ನಾವು. ಗಂಟೆಯ ಬೆಲೆ ಗೊತ್ತಿಲ್ಲ ಅಂತ ನಾವು ಹೇಳೋ ಹಾಗಿಲ್ಲ.

ಮೊದಲೂ ಹೀಗೇ ಇತ್ತು ಅನ್ನೋದು ನಿಜ. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಅಲೆಮಾರಿ ಹೆಂಗಸರು ಬರ್ತಿದ್ರು. ಕಟ್ಟೆ ಮೇಲೆ ಕೂತು ಹೊಲಿದುಕೊಟ್ಟು ಎರಡು ಸೇರು ಜೋಳ, ಒಂದು ಹಳೇ ಸೀರೆ ತಗೊಂಡು ಹೋಗೋರು. ಅದನ್ನೂ ಚೌಕಾಸಿ ಮಾಡಿಯೇ ಕೊಡ್ತಿದ್ರು. ಹಳ್ಳಿಯಲ್ಲಿ ನ್ಯಾಯ ಇತ್ತು, ಪಟ್ಟಣಕ್ಕೆ ಬಂದು ಕೆಟ್ಟೆವು ಅಂತ ನಾನು ಹೇಳ್ತಿಲ್ಲ. ಆಗ ಹೊಲಿಸೋರ ಕೈಲೂ ರೊಕ್ಕ ಇರಲಿಲ್ಲ. ಈಗ ಇದೆ, ಆದರೂ ಕೊಡಲ್ಲ. ಅದಕ್ಕೇ ಜಗಳ.

ಇನ್ನು ಗಂಡಸರ ವಿಷಯ. ಊರಲ್ಲಿ ಟೇಲರ್ ಯಾವಾಗ್ಲೂ ಗಂಡಸು. ಅಂಗಡಿ, ಮಷಿನ್, ಕೊರಳಲ್ಲಿ ಟೇಪು, ಗೋಡೆ ಮೇಲೆ ದರಪಟ್ಟಿ. ಅದೇ ಸೂಜಿ ದಾರ ದರಪಟ್ಟಿ ಇಲ್ಲದ ಕಡೆ ಹೋದ ಕೂಡಲೇ ಹೆಂಗಸರ ಕೈಗೆ ಬಂತು. ಈಗ ನೋಡಿ, ನನ್ನ ಜೊತೆಯ ಗಂಡಸರೆಲ್ಲ 'ನಿಧಾನದ ಬದುಕು' ಅಂತ ಭಾಷಣ ಮಾಡ್ತಾರೆ. ಅಜ್ಜಿಯರ ಮಿತವ್ಯಯದ ಬಗ್ಗೆ ಸ್ಲೈಡ್ ತೋರಿಸ್ತಾರೆ. ಅಂಗಿ ಗುಂಡಿ ಕಿತ್ತುಬಂದ್ರೆ ಮಾತ್ರ ಹೆಂಡತಿ ಮುಖ ನೋಡ್ತಾರೆ. ಅಜ್ಜಿಯನ್ನ ಹೊಗಳೋ ಹಕ್ಕು ಬೇಕು ಅಂದ್ರೆ ಮೊದಲು ಸೂಜಿಗೆ ದಾರ ಪೋಣಿಸಿ ತೋರಿಸಿ. ನಾನು ಕಳೆದ ದೀಪಾವಳಿಗೆ ಶುರು ಮಾಡಿ ಯುಗಾದಿಗೆ ಒಂದು ಮುಗಿಸಿದೆ. ಅವ್ವನ 20 ನಿಮಿಷದ ಸಾಲಿಗೆ ನನಗೆ 40 ನಿಮಿಷ. 64 ಗಂಟೆ ಬರೀ ಸಾಲು. ಟೀಮಿನವರು "ಏನ್ ಗುರು, ಮಷಿನ್‌ನಲ್ಲಾದ್ರೆ ಒಂದು ದಿನ" ಅಂತಿದ್ರು. ಆಗುತ್ತೆ. ಮಾಡಿ. ಮಷಿನ್ ಹೊಲಿಗೆಗೆ ನನ್ನ ವಿರೋಧ ಏನಿಲ್ಲ, ಅದನ್ನ 'ಕೈಕಸೂತಿ' ಅಂತ ಲೇಬಲ್ ಹಚ್ಚಿ ಮಾರೋದಕ್ಕೆ ಮಾತ್ರ.

"ಇಷ್ಟೆಲ್ಲ ಬೈತೀಯಲ್ಲ, ಫ್ಯಾಷನ್ ಆದ್ರಿಂದ ಹೊಲಿಯೋರಿಗೆ ನಾಲ್ಕು ಕಾಸು ಬಂತಲ್ಲ" ಅಂತ ಕೇಳಬಹುದು. ಕೆಲವು ಕಡೆ ಬಂದಿದೆ, ಒಪ್ತೀನಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನ ನೋಡಿ. ಆಫ್ರಿಕಾ ಮೂಲದ ಈ ಜನರ ಕೌದಿಗಳ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆನ್ರಿ ಡ್ರೂವಲ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2004ರಲ್ಲಿ ಅವರ ನೆರವಿನಿಂದ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಹುಟ್ಟಿತು. ಆ ಕೌದಿ ಅಮೆರಿಕದ ಪ್ರದರ್ಶನಗಳಿಗೆ ಹೋಯ್ತು. ಅದರ ಕ್ರಮವೇ ಚೆಂದ: ಮೊದಲೇ ಅಳೆದು ಕತ್ತರಿಸಿ ಮೇಲ್ಹೊದಿಕೆ ಮಾಡಿಟ್ಟುಕೊಳ್ಳಲ್ಲ. ಒಂದು ಸೀರೆ ಹಾಸಿ, ಅಂಚಿನಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡನ್ನ ಮಡಚಿ ಇಟ್ಟು ಅಲ್ಲೇ ಹೊಲೀತಾ, ಸುತ್ತುಸುತ್ತಾಗಿ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫುಲ' ಇರಲೇಬೇಕು, ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗಂತೆ. ಡಿಸೈನ್ ಡಾಕ್ಯುಮೆಂಟ್ ಇಲ್ಲದೇ ಇಷ್ಟು ಒಳ್ಳೇ ಆರ್ಕಿಟೆಕ್ಚರ್ ನಾನು ಬೇರೆ ಕಡೆ ನೋಡಿಲ್ಲ.

ಹಾಗೇ ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಅನ್ನೋ ಹಳ್ಳಿ. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು. ಅಲ್ಲಿನ ಹೆಂಗಸರ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯೂ ಆದವು. ಅವುಗಳಲ್ಲಿ ಒಂದನ್ನ 1942ರಲ್ಲಿ ಒಬ್ಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಗಳಿಂದ ಹೊಲಿದದ್ದು. ದುಡಿದು ಸವೆದ ಬಟ್ಟೆ ಅದು, ಬಣ್ಣ ಬಿಸಿಲಿಗೇ ಮಾಸಿದ್ದು. ಅದನ್ನ ಅನುಕರಿಸೋಕೆ ಕಾರ್ಖಾನೆಯಲ್ಲಿ ಬಣ್ಣ ಮಾಸಿಸ್ತಾರೆ ಅಂದ್ರೆ ಏನು ಹೇಳೋದು.

ನನ್ನ ತಕರಾರು ಇಷ್ಟೇ. ಮ್ಯೂಸಿಯಂ ಗೋಡೆ ಮೇಲಿದ್ರೆ ಕಲೆ ಅಂತೀವಿ. ಅದೇ ಕೌದಿಯನ್ನ ಮೇಳದಲ್ಲಿ ಒಬ್ಬ ಹೆಂಗಸು ತಂದು ಐದು ಸಾವಿರ ಅಂದ್ರೆ "ಹಳೇ ಬಟ್ಟೆಗಾ?" ಅಂತೀವಿ. ಅವಳ ಪಕ್ಕದ ಅಂಗಡಿಯಲ್ಲಿ ಕೌದಿ 'ಪ್ರಿಂಟ್' ಮಾಡಿದ ಬೆಡ್‌ಶೀಟನ್ನ ಬಾಯಿಮುಚ್ಚಿಕೊಂಡು ಕೊಂಡು ಬರ್ತೀವಿ, ಅಲ್ಲಿ ದರ ಬಾರ್‌ಕೋಡಿನಲ್ಲಿ ಇರುತ್ತೆ ನೋಡಿ.

ಇಷ್ಟು ಓದಿಯೂ ನಿಮ್ಮ ಕೈಯಾರೆ ಒಂದು ಹೊಲೀಬೇಕು ಅನ್ನಿಸಿದ್ರೆ, ಸಂತೋಷ. ದೊಡ್ಡದಕ್ಕೆ ಕೈ ಹಾಕಬೇಡಿ. ಕೂಸಿನ ಕೌದಿ ಹೊಲೀರಿ, ಮೂರಡಿ ಉದ್ದ, ಎರಡಡಿ ಅಗಲ. ಉದ್ದ ಅಗಲ ಎರಡೂ ಅರ್ಧ, ಕೆಲಸ ಕಾಲುಭಾಗ. ನನ್ನಂಥವನ ಕೈಗೂ 16 ಗಂಟೆ. ಬರೀ ಹತ್ತಿ ಬಟ್ಟೆ, ಅದರಲ್ಲೂ ನೇಯ್ದದ್ದು, ಎಷ್ಟೋ ವರ್ಷ ಒಗೆಸಿಕೊಂಡದ್ದು. ಅಪ್ಪನ ಲುಂಗಿ, ಅವ್ವನ ನೂಲಿನ ಸೀರೆ, ಹಳೇ ತಲೆದಿಂಬಿನ ಚೀಲ, ಇವೆಲ್ಲ ನಡೀತವೆ. ಒಂದು ಎಳೆ ಬಿಚ್ಚಿ ಬೆಂಕಿಗೆ ಹಿಡೀರಿ. ಹತ್ತಿಯಾದ್ರೆ ಕಾಗದ ಸುಟ್ಟ ವಾಸನೆ, ಪುಡಿ ಬೂದಿ. ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿಯಾಗುತ್ತೆ. ಗುಂಡಿ, ಜಿಪ್ಪು, ಕಾಲರು, ದಪ್ಪ ಅಂಚು ಎಲ್ಲ ಬಿಚ್ಚಿ ಒಗೆದು ಒಣಗಿಸಿ. ಕತ್ತರಿಗಿಂತ ಕೈಯಲ್ಲೇ ಹರೀರಿ, ಹತ್ತಿ ಎಳೆಯ ಗುಂಟ ನೇರ ಹರಿಯುತ್ತೆ. ಐದು ಪದರ ದಾಟಿಸಬೇಡಿ, ಸೂಜಿ ಹೋಗಲ್ಲ, ಬೆರಳಿಗೆ ಹೋಗುತ್ತೆ. ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಕೂರಿಸಿಕೊಳ್ಳಿ. ಕಂಪನಿ ಟೀ ಶರ್ಟುಗಳನ್ನ ಸ್ಕೂಟರ್ ಒರೆಸೋಕೆ ಇಟ್ಕೊಳ್ಳಿ, ಅವು ಹುಟ್ಟಿದ್ದೇ ಅದಕ್ಕೆ. ಆದ್ರೆ ನೀರೂ ಹೀರಲ್ಲ.

ಮನೇಲಿ ಇಂಥ ಬಟ್ಟೆ ಒಂದೂ ಇಲ್ಲ ಅಂದ್ರೆ ಕೌದಿ ಈಗ ಬೇಡ. ಮುಂದಿನ ಸಲ ಅಂಗಿ ಕೊಳ್ಳುವಾಗ ಒಳಗಿನ ಪಟ್ಟಿ ತಿರುವಿ ಓದಿ ಹತ್ತಿಯದು ಕೊಳ್ಳಿ, ಕಾಲರು ಹರಿಯೋವರೆಗೆ ಹಾಕ್ಕೊಳ್ಳಿ. ಆಮೇಲೆ ನೋಡೋಣ.

ಅವ್ವನ ಕೈಯದೇ ಬೇಕು ಅಂತ ಕೇಳಿದವರು ಈಗ ನಾಲ್ಕು ಜನ ಆದರು. ಎಲ್ಲರಿಗೂ ಒಂದೇ ಉತ್ತರ. ಆರಡಿ ನಾಲ್ಕಡಿ ಕೌದಿಗೆ 4,000 ರೂಪಾಯಿ, ಅರ್ಧ ಮುಂಗಡ. ಬಟ್ಟೆ ನಿಮ್ಮದು, ಒಗೆದು ಗುಂಡಿ ಬಿಚ್ಚಿ ಕೊಡಬೇಕು. ಲೆಗ್ಗಿಂಗ್ಸ್, ನೆಟ್ ದುಪಟ್ಟಾ ಬೇಡ. ಬಿತ್ತನೆ, ಸುಗ್ಗಿ ಇದ್ದಾಗ ಹೊಲಿಯಲ್ಲ. ದರದ ಬಗ್ಗೆ ಮಾತಾಡೋದಿದ್ರೆ ನನ್ನ ಹತ್ತಿರ ಮಾತಾಡಿ. ಅವ್ವಗೆ ಇನ್ನೂ ಎದುರಿಗೆ ನಿಂತವರಿಗೆ ಇಲ್ಲ ಅನ್ನೋಕೆ ಬರಲ್ಲ.